ಬಿಡುವಾಗಿನ ಬೆಳಕು

ಕತ್ತಲೆಗೆ ಬರವಿರಲಿಲ್ಲ ಆ ಚಳಿಗಾಲ ತ್ಬಿಲಿಸಿಯಲ್ಲಿ.
ಪ್ರಯೋಗಕ್ಕೂ ಅದೇ ಬೇಕಿತ್ತು;
ಕಿಟಕಿಗೆ ಕಪ್ಪು ಬಟ್ಟೆ ಹೊಡೆಯುವ ಕೆಲಸ ಉಳಿಯಿತು ನನಗೆ.
ಇನ್ನೊಂದು ಬೇಕಾದದ್ದು ಕರೆಂಟು. ಅದರ ಹೊತ್ತು
ರಾತ್ರಿ ಎರಡರಿಂದ ನಾಲ್ಕು. ಬಂದರೆ.

ಕಪ್ಪೆಯ ಕಾಲಿನಿಂದ ಬಿಡಿಸಿ ತೆಗೆದ ಒಂದೇ ಒಂದು ಸ್ನಾಯುವಿನ ಎಳೆ,
ಕೂದಲಿಗಿಂತ ತುಸು ದಪ್ಪ,
ಉಪ್ಪುನೀರಿನಲ್ಲಿ, ಎರಡು ಕೊಕ್ಕೆಗಳ ನಡುವೆ.
ಮಂಜುಗಡ್ಡೆ ಬೇಕಿರಲಿಲ್ಲ, ಕೋಣೆಯೇ ಸಾಕಷ್ಟು ತಣ್ಣಗಿತ್ತು.
ಗಾಜಿನ ಸೂಜಿಯಿಂದ ಅದರೊಳಗೆ ಊದಿದೆ
ಲೋಳೆಮೀನಿನ ರಸ,
ಸುಣ್ಣದ ಕಣ ಸೋಕಿದರೆ ಬೆಳಗುವಂಥದ್ದು.
ಪೆಟ್ಟಿಗೆ ಮುಚ್ಚಿ, ಉಸಿರು ಹಿಡಿದು, ಗುಂಡಿ ಒತ್ತಿದೆ.

ಎಳೆ ಸೆಟೆಯಿತು. ಕಾಗದ ಓಡಿತು.
ಎರಡು ಗೆರೆ: ಒಂದು ಬಲದ್ದು, ಒಂದು ಬೆಳಕಿನದು.
ಸಾಕು ಎಂದು ಬೆರಳೆತ್ತಿದೆ.
ಬೆಳಕು ಮೊದಲು ಇಳಿಯಿತು, ಬಲ ಹಿಂದೆಮುಂದೆ ನೋಡುತ್ತ
ಮೆಲ್ಲಗೆ ಜಾರತೊಡಗಿತು, ಆಮೇಲೆ ಒಮ್ಮೆಲೇ ಕುಸಿಯಿತು.
ಅಲ್ಲಿ, ಸರಿಯಾಗಿ ಕುಸಿಯುವಲ್ಲಿ,
ಆರುತ್ತಿದ್ದ ಬೆಳಕಿನ ಗೆರೆಗೊಂದು ಗೂನು.

"ವೋಲ್ಟೇಜ್ ಕುಣಿದಿರಬೇಕು, ತ್ಸಿಯಾಲಾ," ಅಂದರು ಪ್ರೊಫೆಸರ್ ಎಲ್ಗುಜಾ,
ಓವರ್‌ಕೋಟಿನೊಳಗಿಂದಲೇ.
ಏಳು ರಾತ್ರಿ ಕುಣಿಯಿತು ವೋಲ್ಟೇಜ್,
ಏಳು ಸಲವೂ ಅದೇ ಹೆಜ್ಜೆ.

ಬೆಳಗಿನ ಜಾವ ಅಣ್ಣ ಒತಿಯಾ ಬ್ರೆಡ್ಡಿನ ಸಾಲಿನಿಂದ ನೇರ ಬಂದ.
ಜಜ್ಜಿ ಮುದುಡಿದ ಕಿವಿ, ಕುಸ್ತಿಯವನ ಕತ್ತು,
ಕಾಲು ಭಾಗ ಆಗಲೇ ತಿಂದುಬಿಟ್ಟ ಬ್ರೆಡ್ಡು.
ಸೀಮೆಎಣ್ಣೆ ದೀಪಕ್ಕೆ ಕಾಗದ ಹಿಡಿದು ಹೇಳಿದೆ:
ತುದಿಗಳನ್ನು ಕಟ್ಟಿದ್ದೇನೆ, ಗಿಡ್ಡವಾಗಲು ಜಾಗವಿಲ್ಲ,
ಬಿಡು ಅಂದದ್ದೂ ಆಯಿತು,
ಮತ್ತೆ ಈ ಸುಣ್ಣ ಎಲ್ಲಿಂದ?

ಅವನು ಸುಮ್ಮನೆ ನನ್ನ ಕೋಟಿನ ಎದೆ ಹಿಡಿದ.
"ಎಳಿ."
ಎಳೆದೆ. ಉಡದ ಹಿಡಿತ.
"ಇನ್ನೂ ಎಳಿ."
ಗುಂಡಿಯೊಂದು ಕಿತ್ತು ಮೇಜಿನಡಿ ಉರುಳಿತು.
"ಈಗ ಒಳಗೆ ಬಾ."
ಹೆಜ್ಜೆ ಮುಂದಿಟ್ಟೆ. ಅವನ ಮೊಣಕೈ ಮಡಚಿತು,
ಬೆರಳುಗಳು ಯಾರದೋ ಬೆರಳುಗಳಂತೆ ಸಡಿಲಾದವು.
"ಎಳೆದಷ್ಟೂ ಕೈಗೆ ನೆನಪಿರುತ್ತೆ.
ಒಳಗೆ ನುಗ್ಗಿದರೆ, ಏನು ಹಿಡಿದಿದ್ದೆ ಅನ್ನೋದೇ ಮರೆತುಹೋಗುತ್ತೆ.
ಯಾವ ಪೈಲ್ವಾನನಿಗಾದರೂ."

ಗುಂಡಿ ಹುಡುಕುತ್ತ ಮೇಜಿನಡಿ ಮಂಡಿಯೂರಿದ್ದಾಗ ಹೊಳೆಯಿತು.

ತುದಿ ಕಟ್ಟಿದರೇನು, ಒಳಗೆ ಸಾವಿರಾರು ಕೋಣೆ.
ಎಲ್ಲವೂ ಒಂದೇ ಉಸಿರಿಗೆ ಬಿಡುವುದಿಲ್ಲ.
ಕೆಲವು ಸೋತು ಉದ್ದವಾಗುತ್ತವೆ,
ಪಕ್ಕದವು ಆ ಸಡಿಲದಲ್ಲಿ ಗಿಡ್ಡವಾಗುತ್ತವೆ;
ಗಿಡ್ಡವಾದಲ್ಲಿ ಕೊಂಡಿ ಕಳಚುತ್ತದೆ,
ಭಾರ ಹೊತ್ತ ಕೊಂಡಿಯ ಬಲದಿಂದಲೇ ಅಂಟಿ ಕೂತಿದ್ದ ಸುಣ್ಣ
ಉದುರುತ್ತದೆ.
ಹೊಸದಲ್ಲ. ಅಲ್ಲೇ ಇದ್ದದ್ದು.
ಕೈ ತಪ್ಪಿದ ಒಂದು ಗಳಿಗೆ ತೇಲಿ, ಬೆಳಗಿ,
ಮತ್ತೆ ತನ್ನ ಚೀಲ ಸೇರುತ್ತದೆ.

ಮರುರಾತ್ರಿ ಸಡಿಲವಾಗುತ್ತಿದ್ದ ಎಳೆಗೆ
ನಾನೇ ಒಂದು ಕೊಕ್ಕೆ ಒಳಗೆ ಸರಿಸಿದೆ, ಕೂದಲೆಳೆಯಷ್ಟು.
ಬಲ ಬಿದ್ದೇ ಹೋಯಿತು.
ಬೆಳಕು ಎದ್ದು ನಿಂತಿತು.
ಎಲ್ಗುಜಾ ಮೊದಲ ಸಲ ಕೈಗವಸು ತೆಗೆದು
ಕಾಗದವನ್ನು ಬರಿಗೈಯಲ್ಲಿ ಮುಟ್ಟಿದರು.

ನಾಲ್ಕಕ್ಕೆ ಕರೆಂಟು ಹೋಯಿತು.
ಒಂಬತ್ತು ಮಹಡಿ, ಎರಡು ಬಕೆಟ್ ನೀರು, ಲಿಫ್ಟ್ ಸತ್ತು ತಿಂಗಳು.
ಬಕೆಟ್ ಕೆಳಗಿಟ್ಟ ಮೇಲೂ ಬೆರಳು ಹಿಡಿಕೆಯ ಆಕಾರದಲ್ಲೇ ಇದ್ದವು.
ಬಿಡುವುದಕ್ಕೂ ಇಂಧನ ಬೇಕು, ಇದು ನಮ್ಮ ಪಾಠದಲ್ಲೇ ಇದೆ:
ಸುಣ್ಣವನ್ನು ಚೀಲಕ್ಕೆ ವಾಪಸು ಹೊರುವುದು ಕೂಲಿಯ ಕೆಲಸ,
ಕೂಲಿ ತೀರಿದ ಎಳೆ ಸಡಿಲಾಗದು, ಮರಗಟ್ಟುತ್ತದೆ.
ಕೆಳಗೆ ಸೀಮೆಎಣ್ಣೆಯ ಸಾಲಿನಲ್ಲಿ ಇಡೀ ಬೀದಿ
ಕ್ಯಾನು ಹಿಡಿದು ನಿಂತಿತ್ತು, ಮುಷ್ಟಿ ಬಿಚ್ಚದೆ.

ಒತಿಯಾ ಮಾತ್ರ ಗೋಡೆಗೊರಗಿ ನಿದ್ದೆ.
ತೊಡೆಯ ಮೇಲೆ ಬಿದ್ದಿತ್ತು ಅವನ ಕೈ, ಅಂಗಾತ.
ನಡುವೆ ನನ್ನ ಕೋಟಿನ ಗುಂಡಿ.